ದವಾಖಾನೀ ಬಾಯಿಯನ್ನು ಕರೆದವರು ಯಾರು?

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಹೇಳಲು ಬರುವುದಿಲ್ಲ. ಬಾಯಿಂದ ಹೇಳಲು ಬರುತ್ತದೆ, ಬರೆದು ಹೇಳಲು ಬರುವುದಿಲ್ಲ ಎಂದು ಅರ್ಥ. ದವಾಖಾನೆಯ ಕಾಗದಗಳೆಲ್ಲ ಉರ್ದುವಿನಲ್ಲಿ ಇರುತ್ತವೆ. ಕನ್ನಡವನ್ನು ನನಗೆ ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂಡಿಸಿಕೊಂಡು ಕಲಿಸಿದ್ದು. ಒಂದು ಅಕ್ಷರ ಸರಿಯಾಗಿ ಬರೆದರೆ ಒಂದು ಹುರಿಗಡಲೆ ಕೊಡುತ್ತಿದ್ದರು. ಅದಕ್ಕೇ ಇಂದಿಗೂ ಬರೆಯಲು ಕೂತರೆ ನನಗೆ ಹಸಿವಾಗುತ್ತದೆ.

ಅಣ್ಣನ ಸ್ನೇಹಿತರೊಬ್ಬರು ಒಂದು ಮಾಸಪತ್ರಿಕೆ ಹೊರಡಿಸುತ್ತಾರೆ. ನಿನ್ನ ಕೆಲಸದಲ್ಲಿ ನಡೆದ ತಮಾಷೆಗಳನ್ನು ಬರೆದು ಕಳಿಸು ಎಂದು ಅವರು ಹೇಳಿದ್ದಾರೆ. ಈ ಕೆಲಸದಲ್ಲಿ ತಮಾಷೆಗಳು ಆಗುತ್ತಲೇ ಇರುತ್ತವೆ, ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ. ಯಾವ ಕೆಲಸ ಎಂದು ನಾನಿನ್ನೂ ಹೇಳಲೇ ಇಲ್ಲ, ನೋಡಿ. ನಾನು ಹೆರಿಗೆ ಮಾಡಿಸುವವಳು. ಸರ್ಕಾರದವರು ಕಲಿಸಿ, ಕೈಗೆ ಒಂದು ಚರ್ಮದ ಚೀಲ ಕೊಟ್ಟು ಕಳಿಸಿದವಳು. ಜನ ನನ್ನನ್ನು ದವಾಖಾನೀ ಬಾಯಿ, ಅಂದರೆ ದವಾಖಾನೆಯ ಅಮ್ಮ, ಎನ್ನುತ್ತಾರೆ.

ತಮಾಷೆ ಯಾಕೆ ಆಗುತ್ತದೆ ಎಂಬುದನ್ನೂ ಹೇಳಬೇಕು. ಒಂದು ಕೋಣೆಯಲ್ಲಿ ನಾಲ್ಕು ಜನ ಹೆಂಗಸರು ಇರುತ್ತಾರೆ. ಬಾಗಿಲು ಮುಚ್ಚಿರುತ್ತದೆ. ಇದ್ದಕ್ಕಿದ್ದ ಹಾಗೆ ಐದನೆಯ ದನಿ ಕೇಳುತ್ತದೆ. ಬಾಗಿಲಿಂದ ಯಾರೂ ಬಂದಿರುವುದಿಲ್ಲ! ಇದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ, ಇನ್ನೂ ನನಗೆ ರೂಢಿಯಾಗಿಲ್ಲ. ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ. ಅಷ್ಟು ದೊಡ್ಡದೊಂದು ಪಕ್ಕದಲ್ಲೇ ನಡೆಯುವಾಗ ಮನುಷ್ಯರಿಗೆ ಏನು ಮಾಡಬೇಕು ಎಂದು ತಿಳಿಯುವುದಿಲ್ಲ. ತಿಳಿಯದೆ ಏನಾದರೂ ಮಾಡುತ್ತಾರೆ. ಆ ಏನಾದರೂ ಎಂಬುದೇ ತಮಾಷೆ.

ಲಿಂಬೆಹಣ್ಣು

ಇದು ಕಲಬುರಗಿಯ ಹೆಂಗಸರ ದವಾಖಾನೆಯಲ್ಲಿ ನಾನು ಕಲಿಯಲು ಸೇರಿದ ಮೊದಲ ವರ್ಷದ ಮಾತು. ಆಗ ನನಗೆ ಹತ್ತೊಂಬತ್ತು. ಮದುವೆಯಾಗಿ, ಗಂಡ ತೀರಿಕೊಂಡು, ತವರಿಗೆ ಬಂದು ಮೂರು ವರ್ಷವಾಗಿತ್ತು. ಇದನ್ನು ಮುಂದೆ ಬೇಕಾಗುತ್ತದೆ ಎಂದು ಹೇಳಿದೆ, ಮರುಕಪಡಲಿ ಎಂದಲ್ಲ.

ಒಂದು ದಿನ ಬೆಳಿಗ್ಗೆ ವೈಷ್ಣವರ ಮನೆಯ ಸೊಸೆಯೊಬ್ಬಳನ್ನು ಡೋಲಿಯಲ್ಲಿ ಕರೆತಂದರು. ಮಗು ತೀರ ದೊಡ್ಡದು, ಮನೆಯಲ್ಲಿ ಆಗುವ ಹೆರಿಗೆಯಲ್ಲ ಎಂದು ಓಣಿಯ ಸೂಲಗಿತ್ತಿ ಕೈ ಬಿಟ್ಟಿದ್ದಳು. ಹಿಂದೆಯೇ ಅವಳ ಮಾವ, ಒಬ್ಬ ಆಚಾರ್ಯರು, ಸರಪಳಿಯ ಗಡಿಯಾರ ಹಿಡಿದುಕೊಂಡು ಬಂದರು. ನನ್ನ ಕೈಗೆ ಒಂದು ಲಿಂಬೆಹಣ್ಣು ಕೊಟ್ಟರು.

"ತಂಗಿ, ಕೂಸು ಭೂಮಿಗೆ ಬಿದ್ದ ಕೂಡ್ಲೆ ಇದನ್ನ ಖಿಡಕಿಯಿಂದ ಹೊರಗ ಒಗಿ. ಅತ್ತ ಮ್ಯಾಲ ಅಲ್ಲ, ತೊಳದ ಮ್ಯಾಲ ಅಲ್ಲ, ಬಿದ್ದ ಕೂಡ್ಲೆ. ನಾ ಗಡಿಯಾರ ನೋಡಿ ಜಾತಕಕ್ಕ ಹೊತ್ತು ಬರ್ಕೋತೀನಿ."

ಇದು ಹಳೆಯ ಪದ್ಧತಿ. ಗಂಡಸರು ಒಳಗೆ ಬರುವಂತಿಲ್ಲ, ಒಳಗಿನ ಹೆಂಗಸರು ಹೊರಗೆ ಹೋಗುವಂತಿಲ್ಲ, ಆದ್ದರಿಂದ ಲಿಂಬೆಹಣ್ಣು ಹೋಗುತ್ತದೆ. ಆಚಾರ್ಯರು ಹೊರಗೆ ಬೇವಿನ ಗಿಡದ ಕೆಳಗೆ, ಕಿಟಕಿಗೆ ಮುಖ ಮಾಡಿ ಕೂತರು.

ಮಗು ಬಂತು. ನಾನು ಕಣ್ಣಾರೆ ಕಂಡ ಮೊದಲ ಹುಟ್ಟು ಅದು. ತಲೆ ತುಂಬ ಕೂದಲು, ಕೈ ಎರಡೂ ಮುಷ್ಟಿ, ಮುಖದಲ್ಲಿ ಯಾರ ಮೇಲೋ ಸಿಟ್ಟು. ನಾನು ಕಲ್ಲಿನ ಹಾಗೆ ನಿಂತುಬಿಟ್ಟೆ. ಅದು ಅತ್ತಿತು. ನಮಗೆ ಕಲಿಸುತ್ತಿದ್ದ ಡಾಕ್ಟರ್ ಬಾಯಿ ಹೊಕ್ಕಳಬಳ್ಳಿ ಕಟ್ಟಿದರು, ಕತ್ತರಿಸಿದರು, ಮಗುವನ್ನು ಒರೆಸಿದರು, ಸುತ್ತಿದರು, ತಾಯಿಯ ಪಕ್ಕದಲ್ಲಿ ಮಲಗಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅರೇ, ಲಿಂಬೂ!" ಎಂದರು.

ಲಿಂಬೆಹಣ್ಣು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು. ಕಿಟಕಿಯಿಂದ ಒಗೆದೆ. ಹೊರಗಿನಿಂದ ಆಚಾರ್ಯರ ದನಿ ಬಂತು: "ಬಿತ್ತು! ಬಿತ್ತು!"

ತಪ್ಪು ಒಪ್ಪಿಕೊಳ್ಳೋಣ ಎಂದು ಹೊರಗೆ ಹೋದೆ. ಒಂದು ಮಗುವಿನ ಇಡೀ ಬದುಕನ್ನು ಕೆಡಿಸಿದೆನಲ್ಲ ಎಂದು ಕಣ್ಣಲ್ಲಿ ನೀರು ಬಂದಿತ್ತು.

"ಆಚಾರ್ಯರೇ, ಕೂಸು ಆಗಲೇ ಹುಟ್ಟಿತ್ತು. ಅದು ಅತ್ತಿದ್ದು ನಿಮಗ ಕೇಳಿರಬೇಕಲ್ರೀ?"

"ಕೇಳ್ತು," ಎಂದರು ಆಚಾರ್ಯರು, ಗಡಿಯಾರವನ್ನು ಅಂಗಿಯೊಳಗೆ ಇಳಿಬಿಡುತ್ತ. "ಆದ್ರ ಆಗ ರಾಹುಕಾಲ ಮುಗಿದಿರ್ಲಿಲ್ಲ. ನೀ ತಡದು ಒಗದದ್ದು ಭಾಳ ಛಲೋ ಆತು. ಶಾಣ್ಯಾಕಿ ಇದ್ದಿ."

ಆಮೇಲೆ ಎಷ್ಟೋ ದಿನ ಆಚಾರ್ಯರ ಓಣಿಯಿಂದ ಬಂದವರೆಲ್ಲ ಡಾಕ್ಟರ್ ಬಾಯಿಯನ್ನು ಕೇಳುತ್ತಿರಲಿಲ್ಲ. "ಲಿಂಬೆಹಣ್ಣು ತಡದು ಒಗಿಯೋ ಹುಡುಗಿ ಎಲ್ಲಿದ್ದಾಳ್ರೀ?" ಎಂದು ಕೇಳುತ್ತಿದ್ದರು.

ಹೊಕ್ಕಳು ಇದ್ದವರೆಲ್ಲ

ಕಲಿಕೆ ಮುಗಿದ ಮೇಲೆ ನನ್ನನ್ನು ಕಮಲಾಪುರದ ಸಣ್ಣ ದವಾಖಾನೆಗೆ ಕಳಿಸಿದರು. ಚಕ್ಕಡಿಯಲ್ಲಿ ಇಡೀ ದಿನದ ಹಾದಿ. ಹೊರಡುವಾಗ ಡಾಕ್ಟರ್ ಬಾಯಿ ಒಂದು ಕರಾರು ಹೇಳಿದರು. ಅದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಎಲ್ಲವೂ ಅದರ ಮೇಲೆ ನಿಂತಿದೆ. ಆರು ತಿಂಗಳೊಳಗೆ ಕಮಲಾಪುರದ ಒಂದು ಮನೆಯವರಾದರೂ ತಾವಾಗಿ ಬಂದು ನನ್ನನ್ನು ಹೆರಿಗೆಗೆ ಕರೆಯಬೇಕು. ನಾನಾಗಿ ಹೋಗಿ ನಿಂತರೆ ಆಗದು. ಯಾರೂ ಕರೆಯದಿದ್ದರೆ ಆ ಊರಿಗೆ ಬಾಯಿ ಬೇಕಾಗಿಲ್ಲ ಎಂದು ಅರ್ಥ, ಚೀಲ ತಂದು ಒಪ್ಪಿಸಿ ಮನೆಗೆ ಹೋಗಬೇಕು.

ಮನೆ ಎಂದರೆ ಅಣ್ಣನ ಮನೆ. ಅತ್ತಿಗೆ ಕೆಟ್ಟವಳಲ್ಲ. ಆದರೆ ಹೊರಡುವ ದಿನ ಅವಳು, "ಹೋಗಿ ಬಾರವ್ವ, ನಿನ್ನ ಕೊಣಮಿಗಿ ತೊಳದು ಇಟ್ಟಿರ್ತೀನಿ" ಎಂದಿದ್ದಳು. ಕೊಣಮಿಗಿ ಎಂದರೆ ರೊಟ್ಟಿಯ ಹಿಟ್ಟು ನಾದುವ ಮರದ ಪಾತ್ರೆ. ಗಂಡ ಹೋದ ಮೇಲೆ ಮೂರು ವರ್ಷ ನಾನು ಅದರ ಮುಂದೆಯೇ ಕೂತಿದ್ದೆ. ರೊಟ್ಟಿ ಬಡಿಯುವುದು ಕೀಳು ಕೆಲಸವಲ್ಲ. ಆದರೆ ಎಷ್ಟು ಬಡಿದರೂ ಒಂದು ರೊಟ್ಟಿಯೂ ಅಳುವುದಿಲ್ಲ.

ಕಮಲಾಪುರದಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಎಲ್ಲರಿಗೂ ಅವಳು ಆಯಿ, ಅಂದರೆ ಅಜ್ಜಿ. ವಯಸ್ಸು ಅವಳಿಗೇ ಗೊತ್ತಿರಲಿಲ್ಲ. ಮೊದಲ ವಾರವೇ ಅವಳ ಮನೆಗೆ ಹೋಗಿ ಕಾಲಿಗೆ ನಮಸ್ಕಾರ ಮಾಡಿದೆ. ಅವಳು ನನ್ನ ಚೀಲವನ್ನು ಮುಟ್ಟಿ ನೋಡಿದಳು, ಮೂಸಿ ನೋಡಿದಳು.

"ಇದರಾಗ ಏನದ?"

"ಕತ್ತರಿ, ದಾರ, ಔಷಧ, ಸಾಬೂನು ಅದಾವ, ಆಯಿ."

"ಕೂಸು ಇಲ್ಲಲ್ಲ?"

"ಇಲ್ಲ ಆಯಿ."

"ಹಂಗಾದ್ರ ಛಲೋ ಆತು. ಊರಾಗ ಹಂಗ ಅನ್ನಾಕತ್ತಾರ, ಸರ್ಕಾರದಾಕಿ ಕೂಸಿನ್ನ ಚೀಲದಾಗ ಹಾಕ್ಕೊಂಡು ಒಯ್ತಾಳಂತ." ಬೊಚ್ಚುಬಾಯಿ ತೆರೆದು ನಕ್ಕಳು. "ಎಷ್ಟು ಹೆರಿಗಿ ಮಾಡ್ಸೀದಿ?"

ನಾನು ಸ್ವಲ್ಪ ಬೀಗುತ್ತ ಹೇಳಿದೆ: "ಡಾಕ್ಟರ್ ಬಾಯಿ ಜೋಡಿ ನಲವತ್ಮೂರು. ನೀವು, ಆಯಿ?"

ಅವಳು ಎದ್ದು ಬಾಗಿಲಿಗೆ ಬಂದು ಓಣಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದಳು. ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಮುದುಕರು, ನೀರು ಹೊತ್ತು ಬರುವ ಹೆಂಗಸರು, ಚಕ್ಕಡಿ ಹೊಡೆಯುವವರು, ಜಗಳಾಡುವವರು.

"ನಂಗ ಎಣಸಾಕ ಬರಂಗಿಲ್ಲ ತಂಗಿ. ಈ ಊರಾಗ ಯಾರ್ಯಾರಿಗಿ ಹೊಕ್ಕಳ ಅದನೋ ಅವರೆಲ್ಲಾ ನನ್ನ ಕೈಯಾಗಿನವರು."

ಆಗಲೇ ಊರಿನ ಪೊಲೀಸ್ ಗೌಡರು, ಅಂದರೆ ಕಳ್ಳಕಾಕರನ್ನು ಹಿಡಿಸುವ ಅಧಿಕಾರವುಳ್ಳವರು, ಕುದುರೆಯ ಮೇಲೆ ಬಂದರು. ಹುರಿಮೀಸೆ, ಜರಿಯ ರುಮಾಲು. ಇಡೀ ಓಣಿ ಎದ್ದು ನಿಂತಿತು. ಆಯಿ ಮಾತ್ರ ಅಲ್ಲಿಂದಲೇ ಕೂಗಿದಳು:

"ಏ ಗೌಡಾ, ಎದಿ ಸೆಟಿಸಿ ಕೂಡಬ್ಯಾಡೋ! ಹುಟ್ಟಿದಾಗ ಅಂಗೈಯಷ್ಟ ಇದ್ದಿ!"

ಗೌಡರು ಕುದುರೆ ಇಳಿದು ನಡೆದುಕೊಂಡು ಹೋದರು.

ಕೈ ತೊಳೆಯುವುದು

ನಾಲ್ಕು ತಿಂಗಳಾದರೂ ಯಾರೂ ಕರೆಯಲಿಲ್ಲ. ಇದರಲ್ಲಿ ನನ್ನ ತಪ್ಪೂ ಇದೆ.

ನಮಗೆ ಕಲಿಸಿದ ಮೊದಲ ಪಾಠವೇ ಕೈ ತೊಳೆಯುವುದು. ಬಸುರಿಯನ್ನು ಮುಟ್ಟುವ ಮೊದಲು ಬಿಸಿನೀರು, ಸಾಬೂನು, ಮೊಣಕೈವರೆಗೆ ತಿಕ್ಕಬೇಕು. ಇದನ್ನು ಊರ ಹೆಂಗಸರಿಗೆ ತೋರಿಸೋಣ ಎಂದು ಒಂದು ಮಧ್ಯಾಹ್ನ ಬಾವಿಯ ಬಳಿ ಹತ್ತು ಜನರನ್ನು ಕೂಡಿಸಿದೆ. ಶ್ರದ್ಧೆಯಿಂದ ಕೈ ತೊಳೆದೆ. ಆಮೇಲೆ ಒಬ್ಬ ಬಸುರಿಯ ಹೊಟ್ಟೆ ಮುಟ್ಟಿ, ಮಗು ಹೇಗೆ ಮಲಗಿದೆ ಎಂದು ಹೇಳಿದೆ. ಎಲ್ಲರೂ ಎದ್ದು ಹೋಗಿಬಿಟ್ಟರು.

ಏನಾಯಿತು ಎಂದು ತಿಳಿಯಲು ಎರಡು ದಿನ ಬೇಕಾಯಿತು. ನಮ್ಮ ಕಡೆ ಮುಟ್ಟಿದ ಮೇಲೆ ಕೈ ತೊಳೆಯುವುದು ಎಲ್ಲರಿಗೂ ಗೊತ್ತು. ಮುಟ್ಟುವ ಮೊದಲೇ ತೊಳೆಯುವವರು ಪೂಜೆಗೆ ಕೂಡುವವರು, ಮಡಿಯವರು. ಆದ್ದರಿಂದ ಊರಿನಲ್ಲಿ ಎರಡು ಮಾತಾಯಿತು. ಒಂದು ಗುಂಪು, "ಅಬ್ಬಾ, ಏನು ಮಡಿ! ಆಕಿ ಮುಂದ ನಾವು ಹೆರಂಗಿಲ್ಲವ್ವ, ಮೈಲಿಗಿ ಆದೀತು" ಎಂದಿತು. ಇನ್ನೊಂದು ಗುಂಪು, "ನಮ್ಮನ್ನ ಮುಟ್ಟಾಕ ಕೈ ತೊಳೀಬೇಕೇನು? ನಾವೇನು ಹೇಸಿಗಿ ಇದ್ದೀವಾ?" ಎಂದಿತು. ಯಾವ ಗುಂಪಿನವರೂ ನನ್ನನ್ನು ಕರೆಯುವಂತಿರಲಿಲ್ಲ.

ನಾನು ಆಯಿಯ ಹತ್ತಿರ ಹೋಗಿ ಅತ್ತೆ. ಅವಳಿಗೆ ನಾನು ಎದುರಾಳಿ ಆಗಬೇಕಿತ್ತು. ಆದರೆ ಅವಳು ಯಾಕೆ ತೊಳೆಯುತ್ತೀ ಎಂದು ಕೇಳಿದಳು. ಕೈಯಲ್ಲಿ ಕಾಣದ ಹೊಲಸು ಇರುತ್ತದೆ, ಬಾಣಂತಿಗೆ ಜ್ವರ ಬರುವುದು ಅದರಿಂದಲೇ ಎಂದೆ. ಆಯಿ ಬಹಳ ಹೊತ್ತು ತನ್ನ ಎರಡೂ ಅಂಗೈ ನೋಡಿಕೊಂಡಳು. ಅವಳ ಕಣ್ಣಿಗೆ ಈಚೀಚೆಗೆ ಪೊರೆ ಬಂದಿತ್ತು, ಅಂಗೈಯನ್ನು ಮೂಗಿನ ಹತ್ತಿರ ತಂದು ನೋಡಬೇಕಿತ್ತು. ಜ್ವರ ಬಂದು ತೀರಿಕೊಂಡ ಯಾರ್ಯಾರನ್ನು ನೆನೆದಳೋ, ನಾನು ಕೇಳಲಿಲ್ಲ.

ಮರುದಿನ ಅದೇ ಬಾವಿಯ ಕಟ್ಟೆಯ ಮೇಲೆ ಕೂತು ಹೆಂಗಸರಿಗೆ ಹೇಳಿದಳು: "ಏ ಹುಚ್ಚವ್ವಗೋಳ್ಯಾ, ಎಮ್ಮಿ ಹಿಂಡಾಕ ಮೊದಲ ಕೈ ತೊಳ್ಕೋತೀರೋ ಇಲ್ಲೋ?"

"ತೊಳ್ಕೋತೀವಿ ಆಯಿ."

"ಎಮ್ಮಿ ಸಿಟ್ಟಿಗೆದ್ದು ಹಾಲು ಕೊಡದ ಹೋಗ್ಯಾದೇನು? ಎಮ್ಮಿಗಿ ಇದ್ದ ಬುದ್ಧಿ ನಿಮಗ ಇಲ್ಲೇನು?"

ಬಾಳೆಗೊನೆ ಕಳ್ಳ

ಐದನೆಯ ತಿಂಗಳು. ಪೊಲೀಸ್ ಗೌಡರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅದೇ ವಾರ ಗೌಡರು ಒಬ್ಬ ಕಳ್ಳನನ್ನೂ ಹಿಡಿದಿದ್ದರು. ಯಾರದೋ ತೋಟದಲ್ಲಿ ಕೆಂಪು ಬಾಳೆಯ ಗೊನೆ ಕಡಿದಿದ್ದ. ಆ ಗೊನೆಯನ್ನೇ ಅವನ ಕೊರಳಿಗೆ ಕಟ್ಟಿ ಊರೆಲ್ಲ ಮೆರೆಸಿ, ಕೈಗೆ ಹಗ್ಗ ಬಿಗಿದು, ತಮ್ಮ ವಾಡೆಯ, ಅಂದರೆ ದೊಡ್ಡ ಮನೆಯ, ಕಾಳಿನ ಕೋಣೆಯಲ್ಲಿ ಕೀಲಿ ಹಾಕಿ ಇಟ್ಟಿದ್ದರು. ಕಲಬುರಗಿಯಿಂದ ಪೊಲೀಸ್ ಸವಾರ ಬಂದು ಒಯ್ಯುವವರೆಗೆ ಮೂರು ಹೊತ್ತು ರೊಟ್ಟಿ ಹಾಕುವುದು ಗೌಡರ ಮನೆಯ ಪಾಲಿಗೆ ಬಂದಿತ್ತು.

ಒಂದು ದಿನ ಬೆಳಗಿನಿಂದ ಮಗಳಿಗೆ ನೋವು. ಮಧ್ಯಾಹ್ನವಾದರೂ ಹೆರಿಗೆಯಾಗಲಿಲ್ಲ. ಆಗ ಹೆರಿಗೆ ಮಾಡಿಸಲು ಬಂದಿದ್ದ ಆಯಿ ಕೋಣೆಯೊಳಗಿನಿಂದ ಅಪ್ಪಣೆ ಕೊಟ್ಟಳು: "ಮನ್ಯಾಗಿನ ಕೀಲಿ ಎಲ್ಲಾ ತಗೀರಿ! ಗಂಟು ಎಲ್ಲಾ ಬಿಚ್ಚರಿ!"

ಇದನ್ನು ವಿವರಿಸಬೇಕು. ಮನೆಯಲ್ಲಿ ಏನಾದರೂ ಕಟ್ಟಿದ್ದರೆ ಹೊಟ್ಟೆಯ ಮಗುವೂ ಕಟ್ಟಿಹಾಕಿದಂತೆ ಆಗುತ್ತದೆ, ಎಲ್ಲ ಬಿಚ್ಚಿದರೆ ಅದೂ ಸಲೀಸಾಗಿ ಬರುತ್ತದೆ ಎಂದು ನಂಬಿಕೆ. ಪೆಟ್ಟಿಗೆಗಳು ತೆರೆದವು. ಉಪ್ಪಿನಕಾಯಿಯ ಭರಣಿಗಳ ಬಾಯಿಬಟ್ಟೆ ಬಿಚ್ಚಿದರು. ಹೆಂಗಸರು ತುರುಬು ಬಿಚ್ಚಿದರು. ಎತ್ತು, ಎಮ್ಮೆ, ಆಕಳು, ಕುದುರೆ ಎಲ್ಲವನ್ನೂ ಬಿಟ್ಟರು. ಅವು ನೆಟ್ಟಗೆ ಬಾಳೆಯ ತೋಟಕ್ಕೆ ನುಗ್ಗಿದವು. ಆಳುಗಳು, ತಳವಾರ ಎಲ್ಲರೂ ಅವುಗಳ ಹಿಂದೆ ಓಡಿದರು. ಗೌಡರು ತಮ್ಮ ಜರಿಯ ರುಮಾಲನ್ನೂ ಬಿಚ್ಚಿಬಿಟ್ಟರು. ಅವರ ಬೋಳುತಲೆಯನ್ನು ಊರು ಅದುವರೆಗೆ ಕಂಡಿರಲಿಲ್ಲ. "ಏ, ಎತ್ತು ಹಿಡೀರೋ!" ಎಂದು ಅವರು ಬಾಗಿಲಿನಿಂದ ಕೂಗಿದರೆ, ದಾರಿಯಲ್ಲಿ ಹೋಗುವವನೊಬ್ಬ, "ನೀ ಯಾವನೋ ಹೇಳಾಂವ?" ಎಂದು ಕೇಳಿದನಂತೆ.

ಉಳಿದದ್ದು ಕಾಳಿನ ಕೋಣೆ. ಗೌಡರು ಅಧಿಕಾರಿಯೂ ಹೌದು, ತಂದೆಯೂ ಹೌದು. ಒಳಗಿನಿಂದ ಮಗಳು ಚೀರಿದಳು. ಗೌಡರು ಕೀಲಿ ತೆಗೆದರು, ಕಳ್ಳನ ಕೈಯ ಹಗ್ಗವನ್ನೂ ಬಿಚ್ಚಿದರು.

ಅದೇ ಹೊತ್ತಿಗೆ ಆಯಿಯ ಕೈಗೆ ಸಿಕ್ಕಿದ್ದು ಮಗುವಿನ ತಲೆಯಲ್ಲ, ಕಾಲು. ಅವಳು ಬಾಗಿಲು ಸರಿಸಿ ಕೂಗಿದಳು: "ಯಾರ ಇದ್ದೀರಿ? ಆ ದವಾಖಾನೀ ಬಾಯೀನ್ನ ಕರೀರಿ! ನನ್ನ ಕಣ್ಣಿಗಿ ಕಾಣವಲ್ದು!"

ಯಾರಿದ್ದರು? ಗೌಡರು ಕಂಬ ಹಿಡಿದು ಕೂತುಬಿಟ್ಟಿದ್ದರು. ಅಂಗಳದಲ್ಲಿ ನಿಂತಿದ್ದವನು ಕಳ್ಳ ಒಬ್ಬನೇ.

ನಾನು ದವಾಖಾನೆಯ ಕಟ್ಟೆಯ ಮೇಲೆ ಕೂತು ಅಣ್ಣನ ಕಾಗದ ಓದುತ್ತಿದ್ದೆ. ಅದರಲ್ಲಿ ಕೊಣಮಿಗಿಯ ಸುದ್ದಿ ಇತ್ತು. ತಲೆ ಎತ್ತಿದರೆ ಎದುರಿಗೆ ಕಳ್ಳ!

"ನಡೀರಿ ಬಾಯಿ, ಲಗೂನ! ಕೂಸಿನ ಕಾಲು ಮುಂದ ಬಂದದಂತ!" ಎಂದವನೇ ನನ್ನ ಚೀಲವನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡು ಓಡಿಬಿಟ್ಟ. ನಾನು, "ನನ್ನ ಚೀಲ! ನನ್ನ ಚೀಲ!" ಎಂದು ಹಿಂದೆ ಓಡಿದೆ. ಜನ ನೋಡಿದರು. ಮುಂದೆ ಕಳ್ಳ, ತಲೆಯ ಮೇಲೆ ಸರ್ಕಾರದ ಚೀಲ, ಹಿಂದೆ ಚೀರುತ್ತಿರುವ ಬಾಯಿ. ಅವರು ಬೇರೇನು ತಿಳಿದಾರು? "ಕಳ್ಳ! ಕಳ್ಳ! ಹಿಡೀರಿ!" ಎಂದು ಬಡಿಗೆ ಹಿಡಿದು ನನ್ನ ಹಿಂದೆ ಓಡಿಬಂದರು. ಕಳ್ಳ ಸಂದಿಗೆ ನುಗ್ಗಲಿಲ್ಲ, ಹೊಲಕ್ಕೆ ಹಾರಲಿಲ್ಲ. ನೆಟ್ಟಗೆ ಪೊಲೀಸ್ ಗೌಡರ ವಾಡೆಯೊಳಗೆ ಹೊಕ್ಕುಬಿಟ್ಟ. ಜನ ಹೊರಗೇ ನಿಂತರು. ಕದ್ದ ಮೇಲೆ ಪೊಲೀಸರ ಮನೆಗೆ ಓಡುವ ಕಳ್ಳನನ್ನು ಅವರು ಎಂದೂ ಕಂಡಿರಲಿಲ್ಲ.

ಒಳಗೆ ಬಿಸಿನೀರು, ಸಾಬೂನು ಸಿದ್ಧವಾಗಿತ್ತು. ಆಯಿ ಆಗಲೇ ಮೊಣಕೈವರೆಗೆ ಕೈ ತೊಳೆದುಕೊಂಡಿದ್ದಳು! ಚೀಲದ ಕೀಲಿ, ಸೆರಗಿನ ಕೀಲಿಕೈಯ ಸಪ್ಪಳ ಕೇಳಿದವಳೇ ಗದರಿದಳು:

"ಚೀಲಕ್ಕ ಕೀಲಿ! ಸೆರಗಿನಾಗ ಕೀಲಿಕೈ, ಅದಕ್ಕೊಂದು ಗಂಟು! ಇಡೀ ಊರು ಬಿಚ್ಚಿ ಇಟ್ಟೀವಿ, ನೀ ಕಟಗೊಂಡು ಬಂದಿ!"

ಗಂಟು ಬಿಚ್ಚಿದೆ, ಕೀಲಿ ತೆಗೆದೆ, ಕೈ ತೊಳೆದೆ. ಕಾಲು ಮುಂದಾಗಿ ಬರುವ ಮಗುವನ್ನು ಎಳೆಯಬಾರದು. ಎಳೆದರೆ ತಲೆ ಸಿಕ್ಕಿಕೊಳ್ಳುತ್ತದೆ. ಕೈ ಒಡ್ಡಿಕೊಂಡು ಕಾಯಬೇಕು. ನನಗೆ ಲಿಂಬೆಹಣ್ಣು ನೆನಪಾಯಿತು. ಅಂದು ಮರೆತು ತಡೆದಿದ್ದೆ, ಇಂದು ಎಚ್ಚರದಿಂದ ತಡೆಯಬೇಕಿತ್ತು. ಆಯಿ ಕಣ್ಣು ಮುಚ್ಚಿ ತಾಯಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟಿದ್ದಳು. ಮೇಲಿನಿಂದ ಅವಳ ಎರಡು ಕೈ, ಕೆಳಗೆ ನನ್ನ ಎರಡು ಕೈ. "ಈಗ" ಎಂದು ಅವಳು ಅನ್ನುವುದಕ್ಕೂ ನನ್ನ ಬೆರಳಿಗೆ ತಿಳಿಯುವುದಕ್ಕೂ ಕೂದಲೆಳೆಯಷ್ಟೂ ಅಂತರವಿರಲಿಲ್ಲ. ಅವಳು ನೋಡದೆ ಎಲ್ಲವನ್ನೂ ನೋಡುತ್ತಿದ್ದಳು. ಸೊಂಟ ಬಂತು, ಭುಜ ಬಂತು, ತಲೆ ಬಂತು. ಮಗು ಅಳಲಿಲ್ಲ. ಬಾಯಿ ಒರೆಸಿ, ಬೆನ್ನು ತಿಕ್ಕಿ, ಮೆಲ್ಲಗೆ ಊದಿದೆ. ಮತ್ತೆ ಊದಿದೆ. ಐದನೆಯ ದನಿ ಕೇಳಿತು. ಹೊರಗೆ ಬಡಿಗೆ ಹಿಡಿದು ನಿಂತ ಜನವೆಲ್ಲ ಬಡಿಗೆ ಕೆಳಗೆ ಹಾಕಿದ ಸಪ್ಪಳವೂ ಕೇಳಿತು.

"ನೋಡಿದಿ? ಚೀಲದ ಕೀಲಿ ತಗದ ಕೂಡ್ಲೆ ಬಂತು," ಎಂದಳು ಆಯಿ.

ಹೊರಗೆ ಬಂದರೆ, ಕಳ್ಳ ಕಾಳಿನ ಕೋಣೆಯಲ್ಲಿ ತನ್ನ ಜಾಗದಲ್ಲೇ ಕೂತಿದ್ದ. ಗೌಡರು ರುಮಾಲು ಸುತ್ತಿಕೊಂಡು, ಕೀಲಿ ಹಿಡಿದುಕೊಂಡು ಅತ್ತ ಹೊರಟರು.

"ಏ ಗೌಡಾ!" ಎಂದಳು ಆಯಿ. "ತೊಟ್ಟಿಲಿಗಿ ಹಾಕೋ ತನಕ ಈ ಮನ್ಯಾಗ ಒಂದು ಕೀಲಿ ಬೀಳಬಾರದು. ಬಾಣಂತಿಗಿ ಆಗಂಗಿಲ್ಲ."

"ಮತ್ತ ಈ ಕಳ್ಳ, ಆಯಿ?"

"ನಾ ಎಲ್ಲಿಗೂ ಹೋಗಂಗಿಲ್ರೀ ಗೌಡ್ರ," ಎಂದ ಕಳ್ಳ. "ತೊಟ್ಟಿಲದ ದಿನ ಹೋಳಿಗಿ ಮಾಡ್ತೀರಲ್ರೀ? ಅದಲ್ದ, ಮನೀ ಬಾಗಿಲ ಎಲ್ಲಾ ತೆರದದ. ಊರಾಗ ಎಂಥೆಂಥಾ ಮಂದಿ ಇರ್ತಾರ. ಒಬ್ಬರು ಕಾಯಾಕ ಬೇಕಲ್ರೀ?"

ಸವಾರ ಬರುವುದು ತಡವಾಯಿತು, ಹನ್ನೆರಡು ದಿನ ಪೊಲೀಸ್ ಗೌಡರ ವಾಡೆಯನ್ನು ಕಾಯ್ದವನು ಅವನೇ. ಒಂದು ಸೂಜಿಯೂ ಕಳೆಯಲಿಲ್ಲ.

ಕರೆದವರು

ನಾನು ಇದನ್ನೆಲ್ಲ ಡಾಕ್ಟರ್ ಬಾಯಿಗೆ ಬರೆದು ತಿಳಿಸಿದೆ. ಅವರಿಂದ ಒಂದೇ ಸಾಲಿನ ಉತ್ತರ ಬಂತು: ಕರೆದವರು ಯಾರು, ಮನೆಯವರೇ? ನಾನು ಸುಳ್ಳು ಹೇಳಲಾರೆ. ಕರೆಯಲು ಬಂದವನು ಕಳ್ಳ. ಆರು ತಿಂಗಳು ತುಂಬಲು ಇನ್ನು ಎರಡೇ ದಿನ ಉಳಿದಿದೆ. ಆದ್ದರಿಂದ ಅವರಿಗೆ ಬರೆಯಬೇಕಾದ ವಿವರಣೆಯನ್ನು ಇಲ್ಲಿಯೇ ಒಮ್ಮೆ ಬರೆದು ನೋಡುತ್ತೇನೆ, ಸರಿಯಿದೆಯೋ ಎಂದು ಓದುವವರು ಹೇಳಬೇಕು.

ಮೊದಲನೆಯದಾಗಿ, ಆ ಹೊತ್ತಿಗೆ ಕಳ್ಳ ನಾಲ್ಕು ದಿನದಿಂದ ಆ ಮನೆಯ ರೊಟ್ಟಿ ತಿನ್ನುತ್ತಿದ್ದ. ಎರಡನೆಯದಾಗಿ, ಅವನು ಆ ಮನೆಯಲ್ಲೇ ಮಲಗುತ್ತಿದ್ದ. ಮೂರನೆಯದಾಗಿ, ಕೀಲಿ ತೆಗೆದ ಮೇಲೂ ಅವನು ಹೋಗಲಿಲ್ಲ, ಮರಳಿ ಬಂದ. ತಾನಾಗಿ ಮರಳಿ ಬರುವವರನ್ನೇ ಅಲ್ಲವೇ ಮನೆಯವರು ಎನ್ನುವುದು? ಇನ್ನು ಮನೆಯವರು ಎಂಬುದಕ್ಕೆ ಸರಿಯಾದ ಅರ್ಥ ಏನೆಂದರೆ

ಆಯಿ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾಳೆ. ಅವಳ ಹಿಂದೆ ಕುಂಬಾರರ ಮನೆಯ ಯಜಮಾನರು ನಿಂತಿದ್ದಾರೆ. ಅವರ ರುಮಾಲು ಆಗಲೇ ಬಿಚ್ಚಿ ಕೈಯಲ್ಲಿದೆ, "ಸೊಸಿಗಿ ನೋವು ಸುರುವಾಗ್ಯದ, ನಮ್ಮ ಮನೀಗಿ ಬರ್ರೀ ಬಾಯಿ" ಎನ್ನುತ್ತಿದ್ದಾರೆ.

"ಏ ತಂಗಿ, ಅದೇನು ಬರ್ಕೋತ ಕುಂತೀದಿ? ಕೈ ತೊಳ್ಕೊಂಡು ನಡಿ. ಚೀಲದ ಕೀಲಿ ಇಲ್ಲೇ ತಗದು ಬಾ!"

ಕ್ಷಮಿಸಬೇಕು. ಮನೆಯವರು ಎಂದರೆ ಯಾರು ಎಂದು ಹೇಳುತ್ತಿದ್ದೆ. ಅದು ಹೀಗೆ, ಮನೆಯವರು ಎಂದರೆ